ಕೀಲಿನ ಚೀಟಿಗೂ ದಮ್ಮಿನ ಚೀಟಿಗೂ ಒಂದೇ ಹಾಳೆ ಕೊಡಿ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಹಾಗೂ ಮೂರೂ ಕಡೆಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮುಖ್ಯಸ್ಥರಿಗೆ,

ಮಾನ್ಯರೇ,

ಕೀಲುನೋವಿಗೆ ಒಬ್ಬ ಡಾಕ್ಟರು, ದಮ್ಮಿಗೆ ಇನ್ನೊಬ್ಬರು, ನಡುವೆ ಊರಿನ ಸೂಜಿ ಡಾಕ್ಟರು, ಅದರ ಮೇಲೆ ಔಷಧಿ ಅಂಗಡಿಯವರು ತಾವಾಗಿ ಕೊಟ್ಟ ನೋವಿನ ಗುಳಿಗಿ. ಇವು ನಾಲ್ಕೂ ಸೇರುವುದು ರೋಗಿಯ ಹೊಟ್ಟೆಯಲ್ಲಿ ಮಾತ್ರ, ಕಾಗದದ ಮೇಲೆ ಎಲ್ಲೂ ಸೇರುವುದಿಲ್ಲ. ಕೀಲಿನ ಔಷಧಿ ಶ್ವಾಸಕೋಶಕ್ಕೆ ಪೆಟ್ಟು ಕೊಡಬಹುದು ಎಂಬುದು ಎಲ್ಲ ವೈದ್ಯರಿಗೂ ಗೊತ್ತು. ಆದರೆ ಚೀಟಿ ಬರೆಯುವ ಹೊತ್ತಿಗೆ ಎದುರು ಕೂತವರ ಎದೆಯ ವಿಷಯ ಆ ಮೇಜಿನ ಮೇಲೆ ಇರುವುದೇ ಇಲ್ಲ. ಕೀಲುನೋವು, ದಮ್ಮು ಎರಡೂ ಇರುವ ರೋಗಿಗಳ ಔಷಧಿಯನ್ನು ದಿನವೂ ಕೈಯಲ್ಲಿ ಹಿಡಿಯುವ ನಾವು, ಮೂರು ಜಿಲ್ಲೆಗಳ ಕೆಲವು ವೈದ್ಯರು, ಶುಶ್ರೂಷಾಧಿಕಾರಿಗಳು ಮತ್ತು ಫಾರ್ಮಸಿಸ್ಟರು, ಈ ಔಷಧಿಗಳೆಲ್ಲ ಸೇರುವ ಒಂದೇ ಹಾಳೆ ಬೇಕೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇವೆ. ರೋಗಿಗಳ ಮನೆಯವರೂ ಓದಲಿ ಎಂಬುದು ಉದ್ದೇಶ. ಅವರಿಗೆ ಮೊದಲೇ ಒಂದು ಮಾತು: ಇದನ್ನು ಓದಿ ಯಾರೂ ತಾವಾಗಿ ಗುಳಿಗಿ ನಿಲ್ಲಿಸಬೇಡಿ. ಯಾವುದನ್ನು ಯಾವಾಗ ತಡೆಹಿಡಿಯಬೇಕು ಎಂಬುದನ್ನು ಕೆಳಗೆ ಹೇಳಿದ್ದೇವೆ.

ನಮ್ಮ ಸೀಮೆಯಲ್ಲಿ ಈ ಜೋಡಿ ಕಾಯಿಲೆ ಆಕಸ್ಮಿಕವಲ್ಲ. ಸಂಡೂರಿನ ಅದಿರು, ಕುಷ್ಟಗಿ ಕಡೆಯ ಗ್ರಾನೈಟ್, ಹಟ್ಟಿಯ ಬಿಳಿಗಲ್ಲಿನೊಳಗಿನ ಚಿನ್ನ, ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್, ಶಕ್ತಿನಗರ ಮತ್ತು ಕುಡತಿನಿಯ ಹಾರುಬೂದಿ, ಸಿಂಧನೂರು, ಗಂಗಾವತಿ, ಸಿರುಗುಪ್ಪದ ಅಕ್ಕಿ ಗಿರಣಿಗಳ ತೌಡಿನ ಧೂಳು, ಇವುಗಳ ಜೊತೆಗೆ ಬೀಡಿ ಮತ್ತು ಕಟ್ಟಿಗೆ ಒಲೆಯ ಹೊಗೆ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಗಟ್ಟಿ ಮಾಡುವುದಷ್ಟೇ ಅಲ್ಲ, ಆಮವಾತ, ಅಂದರೆ ರುಮಟಾಯ್ಡ್ ಸಂಧಿವಾತ, ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಬೀಡಿಯೂ ಹಾಗೆಯೇ. ಗಣಿ ಧೂಳು ಕುಡಿದ ಶ್ವಾಸಕೋಶದಲ್ಲಿ ಆಮವಾತದ ಗಂಟುಗಳು ಏಳುವುದನ್ನು ವೇಲ್ಸ್‌ನ ಕಲ್ಲಿದ್ದಲು ಗಣಿಗಾರರಲ್ಲಿ ಕ್ಯಾಪ್ಲನ್ ಎಂಬ ವೈದ್ಯರು 1953ರಲ್ಲೇ ಗುರುತಿಸಿದ್ದರು. ಆಮವಾತ ತಾನಾಗಿಯೂ ಶ್ವಾಸಕೋಶದಲ್ಲಿ ಗಾಯದ ನಾರು ಬೆಳೆಸುತ್ತದೆ. ಹಾಗಾಗಿ ಕೆಮ್ಮು ಹೆಚ್ಚಾದಾಗ ಔಷಧಿಯದೋ, ಕಾಯಿಲೆಯದೋ, ಧೂಳಿನದೋ, ಕ್ಷಯದ್ದೋ ಎಂದು ಬಿಡಿಸುವುದು ಕಷ್ಟ. ಔಷಧಿ ಶುರುವಾಗುವ ಮುಂಚಿನ ಎದೆಯ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ಬಿಡಿಸುವುದು ಅಸಾಧ್ಯವೆಂದೇ ಹೇಳಬೇಕು.

ಮೊದಲು ಮೆಥೊಟ್ರೆಕ್ಸೇಟ್. ಆಮವಾತಕ್ಕೆ ಇದೇ ಮುಖ್ಯ ಔಷಧಿ, ವಾರಕ್ಕೊಮ್ಮೆ ನುಂಗುವಂಥದ್ದು, ಅಗ್ಗದ್ದು, ಒಳ್ಳೆಯದು. ಇದರಿಂದ ಬರುವ ಶ್ವಾಸಕೋಶದ ಉರಿಯೂತ ಅಪರೂಪ. ನೂರು ಜನರಲ್ಲಿ ಒಬ್ಬರಿಗೂ ಬರುವುದು ಕಡಿಮೆ, ಬಂದರೆ ಹೆಚ್ಚಾಗಿ ಮೊದಲ ವರ್ಷದೊಳಗೆ. ಆದರೆ ಮೊದಲೇ ಎದೆ ಹಾಳಾದವರಿಗೆ ಆ ಪೆಟ್ಟನ್ನು ತಾಳುವ ಉಳಿಕೆ ಉಸಿರು ಇರುವುದಿಲ್ಲ. ಲಕ್ಷಣಗಳು ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಕಾಣುತ್ತವೆ: ಕಫವಿಲ್ಲದ ಒಣ ಕೆಮ್ಮು, ಸಣ್ಣ ಜ್ವರ, ನಿನ್ನೆ ಹತ್ತಿದ ಮೆಟ್ಟಿಲು ಇವತ್ತು ಹತ್ತಲಾಗದ ಏದುಸಿರು. ಇಂಥ ಹೊತ್ತಿನಲ್ಲಿ ಕೆಮ್ಮಿನ ಸಿರಪ್ಪು, ಆ್ಯಂಟಿಬಯೋಟಿಕ್ ಕೊಟ್ಟು ‘ಮೆಥೊಟ್ರೆಕ್ಸೇಟ್ ಮುಂದುವರಿಸಿ’ ಎಂದು ಕಳಿಸುವುದೇ ದೊಡ್ಡ ಅಪಾಯ. ಆ ವಾರದ ಡೋಸು ತಡೆಹಿಡಿಯಬೇಕು. ಒಂದೆರಡು ವಾರ ತಪ್ಪಿದ ಮಾತ್ರಕ್ಕೆ ಕೀಲು ಕೈಬಿಡುವುದಿಲ್ಲ. ಆಮ್ಲಜನಕದ ಮಟ್ಟ, ಎದೆ ಎಕ್ಸ್‌ರೇ, ರಕ್ತಕಣ ಎಣಿಕೆ, ಕಫ ಬಂದರೆ ಕ್ಷಯದ ಪರೀಕ್ಷೆ, ಬೇಕಾದರೆ ಎದೆಯ ಸಿ.ಟಿ. ಔಷಧಿಯದೇ ಉರಿಯೂತ ಎಂದು ಖಚಿತವಾದರೆ ಅವರಿಗೆ ಮತ್ತೆಂದೂ ಅದನ್ನು ಕೊಡಬಾರದು. ಅದು ಚೀಟಿಯ ಮೇಲೆ ಕೆಂಪಕ್ಷರದಲ್ಲಿ ಉಳಿಯಬೇಕು.

ಇದಕ್ಕಿಂತ ಹೆಚ್ಚು ಪ್ರಾಣಹಾನಿಯ ಭಯ ಇರುವುದು ಸಾದಾ ತಪ್ಪಿನಲ್ಲಿ: ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ್ದನ್ನು ದಿನಾ ನುಂಗುವುದು. ತಪ್ಪು ಆಗುವ ಬಗೆ ಹೀಗೆ. ಮೆಥೊಟ್ರೆಕ್ಸೇಟ್ ಗುಳಿಗಿ ಸಾಮಾನ್ಯವಾಗಿ ಚಿಕ್ಕದು, ಹಳದಿ. ಜೊತೆಗೆ ಕೊಡುವ 5 ಮಿ.ಗ್ರಾಂ. ಫೋಲಿಕ್ ಆ್ಯಸಿಡ್ ಕೂಡ ಚಿಕ್ಕದು, ಹಳದಿ. ಎರಡನ್ನೂ ಒಂದೇ ಪೇಪರ್ ಕವರಿಗೆ ಹಾಕಿ ಕೊಟ್ಟರೆ ಕಣ್ಣು ಮಂಜಾದ ಅಜ್ಜಿಗೆ ಗುರುತು ಸಿಗುವುದು ಹೇಗೆ? ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸೋಮವಾರವನ್ನು ಮೂರಕ್ಷರಕ್ಕೆ ಮೊಟಕು ಮಾಡಿ ಗೀಚಿದರೆ ಅಂಗಡಿಯವರು ಅದನ್ನು ‘ಬೆಳಿಗ್ಗೆ’ ಎಂದು ಓದುತ್ತಾರೆ. 10 ಮಿ.ಗ್ರಾಂ. ಮತ್ತು 2.5 ಮಿ.ಗ್ರಾಂ. ಗುಳಿಗಿ ಎರಡನ್ನೂ ಕೊಟ್ಟರೆ ಲೆಕ್ಕ ತಪ್ಪಿ ನಾಲ್ಕು ಪಟ್ಟು ಒಳಗೆ ಹೋಗುತ್ತದೆ. ದಿನಾ ನುಂಗಿದವರಲ್ಲಿ ಮೊದಲು ಬಾಯಿ ಹುಣ್ಣು, ಆಮೇಲೆ ಭೇದಿ, ಜ್ವರ, ಕೊನೆಗೆ ಮಜ್ಜೆಯೇ ರಕ್ತಕಣ ಮಾಡುವುದನ್ನು ನಿಲ್ಲಿಸುತ್ತದೆ. ಇದಕ್ಕೆ ಮದ್ದು ಇದೆ, ಫೋಲಿನಿಕ್ ಆ್ಯಸಿಡ್. ಅದು ಫೋಲಿಕ್ ಆ್ಯಸಿಡ್ ಅಲ್ಲ, ಬೇರೆ. ಬೇಗ ಕೊಟ್ಟಷ್ಟೂ ಒಳ್ಳೆಯದು. ಜಿಲ್ಲಾ ಆಸ್ಪತ್ರೆಯ ದಾಸ್ತಾನಿನಲ್ಲಿ ಅದು ಸದಾ ಇರಬೇಕು.

ತಡೆಯುವ ದಾರಿಗೆ ಖರ್ಚೇ ಇಲ್ಲ. ವಾರದ ಹೆಸರನ್ನು ಕನ್ನಡದಲ್ಲಿ ಪೂರ್ತಿಯಾಗಿ ಬರೆಯಿರಿ. ಊರಿನ ಸಂತೆಯ ದಿನವನ್ನೇ ಮೆಥೊಟ್ರೆಕ್ಸೇಟಿನ ದಿನ ಮಾಡಿ, ಅದನ್ನು ಯಾರೂ ಮರೆಯುವುದಿಲ್ಲ. ಒಂದೇ ಶಕ್ತಿಯ ಗುಳಿಗಿ ಕೊಡಿ. ಉದಾಹರಣೆಗೆ ವಾರಕ್ಕೆ 15 ಮಿ.ಗ್ರಾಂ. ಆದರೆ 2.5ರ ಆರು ಗುಳಿಗಿ, ನಾಲ್ಕು ವಾರಕ್ಕೆ ಲೆಕ್ಕ ಹಾಕಿ 24 ಮಾತ್ರ. ನಾಲ್ಕು ವಾರಕ್ಕಿಂತ ಹೆಚ್ಚಿಗೆ ಒಮ್ಮೆಗೇ ಕೊಡಬೇಡಿ. ಫೋಲಿಕ್ ಆ್ಯಸಿಡ್ ಬೇರೆ ಕವರಿನಲ್ಲಿ, ಮೆಥೊಟ್ರೆಕ್ಸೇಟ್ ನುಂಗದ ದಿನಕ್ಕೆ. ರಕ್ತಕಣ, ಲಿವರ್, ಕ್ರಿಯಾಟಿನಿನ್ (ಮೂತ್ರಪಿಂಡದ) ಪರೀಕ್ಷೆ ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಈ ಗುಳಿಗಿ ನುಂಗುವವರಿಗೆ ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಎಂಬ ಹೆಸರಿನಲ್ಲಿ ಬರುವ ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಕೊಡಲೇಬಾರದು. ಎರಡೂ ಸೇರಿದರೆ ಮಜ್ಜೆ ಕುಸಿಯುತ್ತದೆ. ಇನ್ನು ನಮ್ಮ ಬೇಸಿಗೆ. ಮೆಥೊಟ್ರೆಕ್ಸೇಟ್ ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ಏಪ್ರಿಲ್ ಮೇ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ನೀರು ಕಡಿಮೆಯಾಗಿ, ವಾಂತಿ ಭೇದಿಯೂ ಆಗಿ, ಅದರ ಮೇಲೆ ನೋವಿನ ಗುಳಿಗಿ ಡೈಕ್ಲೋಫೆನಾಕ್ ನುಂಗಿದರೆ ಮೂತ್ರಪಿಂಡ ಸೊರಗಿ ಔಷಧಿ ಒಳಗೇ ಉಳಿದುಕೊಳ್ಳುತ್ತದೆ. ವಾಂತಿ ಭೇದಿ ಅಥವಾ ಜೋರು ಜ್ವರ ಇರುವ ವಾರ ಡೋಸು ಬಿಟ್ಟು ಡಾಕ್ಟರನ್ನು ಕೇಳಬೇಕು.

ಮೆಥೊಟ್ರೆಕ್ಸೇಟ್ ಬೇಡವೆಂದಾಗ ಅದರ ಜಾಗಕ್ಕೆ ಲೆಫ್ಲುನೊಮೈಡ್ ಬರೆಯುವುದು ರೂಢಿ. ಶ್ವಾಸಕೋಶದಲ್ಲಿ ಈಗಾಗಲೇ ನಾರು ಬೆಳೆದವರಿಗೆ ಇದು ಸುರಕ್ಷಿತ ಬದಲಿಯಲ್ಲ, ಅದೇ ಬಗೆಯ ಉರಿಯೂತ ತರಬಹುದು. ತೊಂದರೆಯಾದ ಮೇಲೆ ನಿಲ್ಲಿಸಿದರೂ ದೇಹದಿಂದ ಬೇಗ ಹೋಗುವುದಿಲ್ಲ. ತೊಳೆದು ಹೊರಹಾಕಲು ಕೊಲೆಸ್ಟಿರಮಿನ್ ಪುಡಿ 8 ಗ್ರಾಂನಂತೆ ದಿನಕ್ಕೆ ಮೂರು ಸಲ 11 ದಿನ ಕೊಡಬೇಕಾಗುತ್ತದೆ. ಆಮವಾತದ ಇನ್ನೊಂದು ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಶ್ವಾಸಕೋಶದ ಮಟ್ಟಿಗೆ ನಿರಪಾಯಿ. ಕಣ್ಣಿನ ಪರೀಕ್ಷೆ ಮರೆಯದಿದ್ದರೆ ಸಾಕು, ಡೋಸು ದಿನಕ್ಕೆ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಮೀರಬಾರದು.

ಈಗ ಸ್ಟೀರಾಯ್ಡ್. ಇದು ದಮ್ಮಿಗೂ ಕೊಡುವ ಔಷಧಿ, ಕೀಲಿಗೂ ಕೊಡುವ ಔಷಧಿ, ಅದರಿಂದಲೇ ಗೋಜಲು. ಎದೆಯ ಡಾಕ್ಟರು ವೈಸೊಲೋನ್ (ಪ್ರೆಡ್ನಿಸೊಲೋನ್) ಬರೆದಿರುತ್ತಾರೆ, ಕೀಲಿನ ಡಾಕ್ಟರು ಮೆಡ್ರಾಲ್ (ಮೀಥೈಲ್‌ಪ್ರೆಡ್ನಿಸೊಲೋನ್) ಅಥವಾ ಡೆಫ್ಲಜಕಾರ್ಟ್ ಬರೆದಿರುತ್ತಾರೆ. ಹೆಸರು ಬೇರೆ, ಒಳಗಿರುವುದು ಒಂದೇ ಜಾತಿಯ ಮದ್ದು. ಕೂಡಿಸುವುದು ಸುಲಭ: ಪ್ರೆಡ್ನಿಸೊಲೋನ್ 5 ಮಿ.ಗ್ರಾಂ. ಅಂದರೆ ಮೀಥೈಲ್‌ಪ್ರೆಡ್ನಿಸೊಲೋನ್ 4, ಡೆಫ್ಲಜಕಾರ್ಟ್ 6, ಡೆಕ್ಸಾಮೆಥಾಸೋನ್ 0.75. ಈ ಲೆಕ್ಕದಲ್ಲಿ, ಊರಲ್ಲಿ ‘ನೋವಿನ ಸೂಜಿ’ ಎಂದು ಡೈಕ್ಲೋ ಜೊತೆ ಬೆರೆಸಿ ಹಾಕುವ 8 ಮಿ.ಗ್ರಾಂ. ಡೆಕ್ಸಾ ಒಂದೇ ಏಟಿಗೆ ಪ್ರೆಡ್ನಿಸೊಲೋನಿನ 50 ಮಿ.ಗ್ರಾಂ.ಗೂ ಮೀರಿದ ಡೋಸು. ವಾರ ವಾರ ಅದನ್ನು ಹಾಕಿಸಿಕೊಳ್ಳುವವರಿಗೆ ಹಿತವಾಗುವುದು ನಿಜ, ನೋವೂ ಹೋಗುತ್ತದೆ, ಉಸಿರೂ ಸರಾಗ. ಆದರೆ ಕ್ಷಯ ಒಳಗೊಳಗೇ ಹೆಡೆ ಎತ್ತುವುದೂ ಅದರ ಮರೆಯಲ್ಲೇ. ಮೂಳೆ ಟೊಳ್ಳಾಗಿ ಬೆನ್ನುಮೂಳೆ ಕುಸಿದರೆ ಎದೆಗೂಡು ಬಗ್ಗಿ ಇರುವ ಉಸಿರೂ ಕಡಿಮೆಯಾಗುತ್ತದೆ. ಮೂರು ವಾರಕ್ಕೂ ಮೇಲ್ಪಟ್ಟು ದಿನಾ ಸ್ಟೀರಾಯ್ಡ್ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಸುಸ್ತು, ವಾಂತಿ, ಬಿ.ಪಿ. ಕುಸಿತ ಬರಬಹುದು, ಹಂತ ಹಂತವಾಗಿಯೇ ಇಳಿಸಬೇಕು. ಸಂತೆಯಲ್ಲಿ ಸಿಗುವ ಹೆಸರಿಲ್ಲದ ‘ವಾಯು ನೋವಿನ’ ಪುಡಿಯ ಬಗ್ಗೆಯೂ ಹೇಳಲೇಬೇಕು. ಎರಡೇ ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ತಿಂಗಳಲ್ಲಿ ಮುಖ ಊದಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆಂದೇ ಅನುಮಾನಿಸಬೇಕು. ಸ್ಟೀರಾಯ್ಡ್ ಗುಳಿಗಿ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ್ದು ಎಂಬ ನಿಯಮ ಮೊದಲಿಂದಲೂ ಇದೆ, ಜಾರಿ ಮಾಡುವವರು ಬೇಕು.

ನೋವಿನ ಗುಳಿಗಿಗಳ ವಿಚಾರದಲ್ಲಿ ಅಸ್ತಮಾ ಇರುವವರು ಬೇರೆ, ಬೀಡಿ ಹೊಗೆಯ ದಮ್ಮಿನವರು ಬೇರೆ. ಅಸ್ತಮಾ ಇರುವ ದೊಡ್ಡವರಲ್ಲಿ ಸುಮಾರು ನೂರಕ್ಕೆ ಏಳು ಜನರಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಜಾತಿಯವು ಆಗುವುದಿಲ್ಲ. ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಕಟ್ಟಿ, ಎದೆ ಬಿಗಿದು, ಕೆಲವರಿಗೆ ಪ್ರಾಣಕ್ಕೇ ಬರುತ್ತದೆ. ಮೂಗಿನಲ್ಲಿ ದುರ್ಮಾಂಸ ಇದ್ದು, ವಾಸನೆ ಹೋಗಿ, ಅಸ್ತಮಾವೂ ಇದ್ದರೆ ಕೇಳದೆ ಇವನ್ನು ಕೊಡಬಾರದು. ಅಂಥವರಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ.ನಿಂದ ಶುರು ಮಾಡುವುದು ಸರಿ. ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್ ಸಾಮಾನ್ಯವಾಗಿ ಒಗ್ಗುತ್ತವೆ, ಆದರೂ ಮೊದಲ ಗುಳಿಗಿಯನ್ನು ಡಾಕ್ಟರ ಎದುರೇ ನುಂಗಲಿ. ಬಹುಕಾಲದ ದಮ್ಮಿನಿಂದ ಹೃದಯದ ಬಲಭಾಗ ಸೋತು ಕಾಲು ಊದಿದವರಿಗೆ ಪ್ಯಾರಾಸಿಟಮಾಲ್ ಬಿಟ್ಟು, ಕಾಕ್ಸಿಬ್ ಸಹಿತ ಈ ಎಲ್ಲ ನೋವಿನ ಗುಳಿಗಿಯೂ ಕೆಟ್ಟದ್ದೇ, ಉಪ್ಪು ನೀರು ದೇಹದಲ್ಲಿ ಹಿಡಿದು ಬಾವು ಹೆಚ್ಚಿಸುತ್ತವೆ. ಅಂಗಡಿಯಲ್ಲಿ ಸಿಗುವ ಅಸೆಕ್ಲೋಫೆನಾಕ್ ಜೋಡಿ ಗುಳಿಗಿಯಲ್ಲಿ 325 ಮಿ.ಗ್ರಾಂ. ಪ್ಯಾರಾಸಿಟಮಾಲ್ ಇರುತ್ತದೆ. ಅದರ ಮೇಲೆ 650ರದ್ದನ್ನೂ ಮೂರು ಹೊತ್ತು ನುಂಗುವವರು ಇದ್ದಾರೆ. ತೆಳ್ಳಗಿನವರಿಗೆ, ಕುಡಿಯುವ ರೂಢಿ ಇರುವವರಿಗೆ ದಿನಕ್ಕೆ 2 ಗ್ರಾಂ ದಾಟಿಸದಿರುವುದು ಲೇಸು.

ಬಲವಾದ ನೋವಿನ ಗುಳಿಗಿ ಟ್ರಾಮಡಾಲ್ ಮತ್ತು ಪ್ರೆಗಾಬಲಿನ್ ಬಗ್ಗೆ ನಮ್ಮ ಕಡೆ ಯಾರೂ ಎಚ್ಚರಿಸುವುದಿಲ್ಲ. ‘ನರದ ನೋವು’ ಎಂದು ವಿಟಮಿನ್ ಜೊತೆ ಸೇರಿಸಿ ಬರೆಯುವ ಪ್ರೆಗಾಬಲಿನ್ ಕ್ಯಾಪ್ಸೂಲು ದಮ್ಮಿನವರಲ್ಲಿ, ವಯಸ್ಸಾದವರಲ್ಲಿ ಉಸಿರಾಟದ ವೇಗ ಇಳಿಸಬಹುದು ಎಂದು ಅಮೆರಿಕದ ಔಷಧ ಆಡಳಿತ 2019ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಟ್ರಾಮಡಾಲ್ ಜೊತೆಗಾದರೆ ಅಥವಾ ರಾತ್ರಿ ಕುಡಿತದ ಜೊತೆಗಾದರೆ ಅಪಾಯ ಇನ್ನೂ ಹೆಚ್ಚು. ಬೆಳಿಗ್ಗೆ ಎಬ್ಬಿಸಿದರೂ ಮಂಪರು ಬಿಡದಿದ್ದರೆ ಅದನ್ನು ನಿದ್ದೆ ಎಂದುಕೊಳ್ಳಬೇಡಿ.

ಕ್ಷಯದ ವಿಷಯದಲ್ಲಿ ಸರ್ಕಾರದ ನಿಯಮ ಒಳ್ಳೆಯದೇ ಇದೆ. 2021ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಿಲಿಕೋಸಿಸ್ (ಸಿಲಿಕಾ ಧೂಳಿನ ಶ್ವಾಸಕೋಶದ ಕಾಯಿಲೆ) ಇರುವವರು, ಉರಿಯೂತ ತರುವ ಟಿ.ಎನ್.ಎಫ್. ಎಂಬ ಪ್ರೋಟೀನನ್ನು ತಡೆಯುವ ಸೂಜಿ ಶುರು ಮಾಡುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನುಂಗುವವರು ಕ್ಷಯ ತಡೆ ಚಿಕಿತ್ಸೆಯ ಪಟ್ಟಿಯಲ್ಲಿದ್ದಾರೆ. ಗಣಿಯಲ್ಲಿ ದುಡಿದು ಆಮವಾತವೂ ಬಂದವರಿಗೆ ಈ ಎರಡು ಮೂರು ಕಾರಣವೂ ಒಟ್ಟಿಗೇ ಇರುತ್ತವೆ. ಆ ಬಗೆಯ ಅಡಾಲಿಮುಮಾಬ್, ಇನ್‌ಫ್ಲಿಕ್ಸಿಮಾಬ್ ಸೂಜಿ ಅಥವಾ ಈಗ ಅಗ್ಗದಲ್ಲಿ ಸಿಗುತ್ತಿರುವ ಆಮವಾತದ ಟೋಫಾಸಿಟಿನಿಬ್ ಗುಳಿಗಿ ಶುರು ಮಾಡುವ ಮುನ್ನ ಎಕ್ಸ್‌ರೇ ಮತ್ತು ಕ್ಷಯ ಪತ್ತೆಗೆ ಮಾಂಟು (ಚರ್ಮದ) ಅಥವಾ ಇಗ್ರಾ (ರಕ್ತದ) ಪರೀಕ್ಷೆ ಆಗಲೇಬೇಕು. ಸುಪ್ತ ಕ್ಷಯ ಕಂಡರೆ ತಡೆ ಚಿಕಿತ್ಸೆ ಶುರುವಾಗಿ ಕನಿಷ್ಠ ಒಂದು ತಿಂಗಳು ಕಳೆಯಬೇಕು. ಟೋಫಾಸಿಟಿನಿಬ್‌ನಿಂದ ಸರ್ಪಸುತ್ತು ಬರುವುದು ಹೆಚ್ಚು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಬೀಡಿ ಸೇದಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಎಚ್ಚರಿಕೆಯೂ ಇದೆ. ತಿರುಗಿ ಇನ್ನೊಂದು ಗೊಂದಲ: ಕ್ಷಯದ ಔಷಧಿ ಪೈರಜಿನಮೈಡ್ ಯೂರಿಕ್ ಆಮ್ಲ ಏರಿಸಿ ಕೀಲುನೋವು ತರುತ್ತದೆ. ಅದನ್ನು ಹೊಸ ಆಮವಾತ ಎಂದುಕೊಂಡು ಮೆಥೊಟ್ರೆಕ್ಸೇಟ್ ಶುರು ಮಾಡಬಾರದು. ಕ್ಷಯದ ಇನ್ನೊಂದು ಔಷಧಿ ಐಸೊನಿಯಾಜಿಡ್ ಜೊತೆ ಮೆಥೊಟ್ರೆಕ್ಸೇಟ್ ಸೇರಿದರೆ ಲಿವರ್‌ಗೆ ಇಮ್ಮಡಿ ಭಾರ.

ಅಷ್ಟೇ ಏಕೆ, ಕೀಲುನೋವೆಲ್ಲ ಆಮವಾತವೂ ಅಲ್ಲ. ಕೊಪ್ಪಳ, ರಾಯಚೂರಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿ.ಗ್ರಾಂ. ಮಿತಿ ಮೀರಿದೆ. ಅದರಿಂದ ಬರುವ ಬಿಗಿತಕ್ಕೆ ಮೆಥೊಟ್ರೆಕ್ಸೇಟ್ ಕೊಟ್ಟರೆ ಲಾಭವಿಲ್ಲ, ಅಪಾಯ ಮಾತ್ರ ಉಳಿಯುತ್ತದೆ. ಚಿಕುನ್‌ಗುನ್ಯಾ ಆದ ಮೇಲೆ ತಿಂಗಳುಗಟ್ಟಲೆ ಉಳಿಯುವ ನೋವಿಗೂ ದಿಢೀರೆಂದು ಸ್ಟೀರಾಯ್ಡ್ ಬರೆಯಬಾರದು.

ಈ ಎರಡೂ ಕಾಯಿಲೆಯವರಿಗೆ ಔಷಧಿಯಷ್ಟೇ ಅದನ್ನು ಬಳಸುವ ಕೈಯೂ ತೊಡಕು. ಬೆರಳು ಸೊಟ್ಟಗಾದವರಿಗೆ ಇನ್‌ಹೇಲರಿನ ಡಬ್ಬಿ ಒತ್ತಲಾಗದು, ಪುಡಿ ತುಂಬಿದ ಕ್ಯಾಪ್ಸೂಲು ತಿರುಗಿಸಲಾಗದು. ‘ಪಂಪು ಕೆಲಸ ಮಾಡಲ್ಲ’ ಎಂದು ಬಿಟ್ಟುಬಿಡುತ್ತಾರೆ. ಎರಡೂ ಕೈಯ ಹೆಬ್ಬೆರಳಿನಿಂದ ಒತ್ತಲು ಕಲಿಸಿ, ಸ್ಪೇಸರ್ (ಇನ್‌ಹೇಲರಿಗೆ ಸಿಕ್ಕಿಸಿ ಉಸಿರೆಳೆಯುವ ಡಬ್ಬಿ) ಕೊಡಿ. ಸ್ಪೇಸರ್ ಇಲ್ಲದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳದಲ್ಲಿ ಇನ್‌ಹೇಲರಿನ ಬಾಯಿಯಷ್ಟೇ ತೂತು ಕೊರೆದು ಬಿಗಿಯಾಗಿ ಸಿಕ್ಕಿಸಿದರೂ ನಡೆಯುತ್ತದೆ. ಒಮ್ಮೆ ಒತ್ತಿ, ನಿಧಾನಕ್ಕೆ ಉಸಿರೆಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ವಾರಕ್ಕೊಮ್ಮೆ ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಗಾಳಿಗೆ ಆರಲು ಬಿಡಿ. ಬಟ್ಟೆಯಿಂದ ಒರೆಸಿದರೆ ಒಳಗೆ ವಿದ್ಯುತ್ ಅಂಶ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್ ಆದಮೇಲೆ ಬಾಯಿ ಮುಕ್ಕಳಿಸಬೇಕು. ಬಾಯಲ್ಲಿ ಮೊಸರಿನಂತೆ ಬಿಳಿ ಕಲೆ ಕೂತು ಒರೆಸಿದರೆ ಬಂದರೆ ಅದು ಇನ್‌ಹೇಲರಿನ ಬೂಷ್ಟು. ಕೆಂಪಾಗಿ ಹಸಿ ಹುಣ್ಣಾಗಿದ್ದರೆ ಮೆಥೊಟ್ರೆಕ್ಸೇಟ್ ಮೇಲೆ ಅನುಮಾನ, ಅದೇ ದಿನ ರಕ್ತ ಪರೀಕ್ಷೆ. ಪಲ್ಸ್ ಆಕ್ಸಿಮೀಟರ್ ಕೂಡ ಸೊಟ್ಟ ಬೆರಳಿಗೆ, ತಣ್ಣಗಾದ ಬೆರಳಿಗೆ ಸುಳ್ಳು ಹೇಳುತ್ತದೆ. ಐದು ನಿಮಿಷ ಕೂರಿಸಿ, ಕೈ ಉಜ್ಜಿ ಬಿಸಿ ಮಾಡಿ, ಮೆಹಂದಿ ಬಣ್ಣ ಇಲ್ಲದ ನೆಟ್ಟಗಿನ ಬೆರಳಿಗೆ ಹಾಕಿ, ಸಂಖ್ಯೆ ನಿಂತಮೇಲೆ ಬರೆದುಕೊಳ್ಳಬೇಕು. ಒಂದು ನಿಮಿಷ ನಡೆಸಿ ಮತ್ತೆ ನೋಡಬೇಕು. ಕೂತಾಗ 96 ಇದ್ದು ನಡೆದಾಗ 90ಕ್ಕಿಳಿದರೆ ಕೂತಾಗಿನ ಸಂಖ್ಯೆಯನ್ನು ನಂಬಬೇಡಿ. ಶ್ವಾಸಕೋಶದ ನಾರಿಗೆ ಪಿರ್ಫೆನಿಡೋನ್ ನುಂಗುವವರ ಚರ್ಮ ಬಿಸಿಲಿಗೆ ಸುಡುತ್ತದೆ, ನಮ್ಮ ಕಡೆ ಹೊಲಕ್ಕೆ ಹೋಗುವವರಿಗೆ ಇದನ್ನು ಹೇಳದೆ ಕೊಡುವುದು ಅನ್ಯಾಯ.

ಇಷ್ಟು ಹೇಳಿ ನಾವು ಕೇಳುವುದು ಒಂದು ಹಾಳೆ. ಕನ್ನಡದಲ್ಲಿ, ದಪ್ಪ ಕಾಗದದಲ್ಲಿ, ಗರ್ಭಿಣಿಯರ ತಾಯಿ ಕಾರ್ಡಿನಂತೆ ರೋಗಿಯ ಕೈಯಲ್ಲೇ ಇರುವಂಥದ್ದು. ಮೇಲೆ ಎದೆಯ ಕಾಯಿಲೆಯ ಹೆಸರು, ಔಷಧಿ ಶುರುವಾಗುವ ಮುಂಚಿನ ಎಕ್ಸ್‌ರೇ ದಿನಾಂಕ, ಕೂತಾಗಿನ ಮತ್ತು ನಡೆದಾಗಿನ ಆಮ್ಲಜನಕ. ಕೆಳಗೆ ಮೆಥೊಟ್ರೆಕ್ಸೇಟಿನ ವಾರ ಮತ್ತು ಗುಳಿಗಿಗಳ ಎಣಿಕೆ. ಎಲ್ಲ ಕಡೆಯ ಸ್ಟೀರಾಯ್ಡ್ ಕೂಡಿ ದಿನಕ್ಕೆಷ್ಟು ಎಂದು ಪ್ರೆಡ್ನಿಸೊಲೋನಿನ ಲೆಕ್ಕದಲ್ಲಿ. ಆಗದ ನೋವಿನ ಗುಳಿಗಿಯ ಹೆಸರು. ಮುಂದಿನ ರಕ್ತ ಪರೀಕ್ಷೆಯ ದಿನ. ಒಣ ಕೆಮ್ಮು, ಜ್ವರ, ಏದುಸಿರು ಬಂದರೆ ಡೋಸು ನಿಲ್ಲಿಸಿ ಎಲ್ಲಿಗೆ ಬರಬೇಕು ಎಂಬ ಒಂದು ಸಾಲು. ಕಾರ್ಡು ನೋಡದೆ ಯಾವ ಸರ್ಕಾರಿ ಔಷಧಾಲಯವೂ ಮೆಥೊಟ್ರೆಕ್ಸೇಟ್ ಕೊಡಬಾರದು ಎಂಬ ಸುತ್ತೋಲೆ ಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜು ಆಸ್ಪತ್ರೆಗಳಲ್ಲಿ ಎದೆಯ ವಿಭಾಗ, ಮೆಡಿಸಿನ್ ವಿಭಾಗ ಎರಡೂ ಇವೆ. ತಿಂಗಳಲ್ಲಿ ಒಂದು ದಿನ ಅವರು ಒಂದೇ ಕೋಣೆಯಲ್ಲಿ ಕೂತರೆ ರೋಗಿ ಎರಡು ಸಲ ಬಸ್ ಹತ್ತುವುದು ತಪ್ಪುತ್ತದೆ. ಅಡ್ಡಪರಿಣಾಮ ಕಂಡ ಪ್ರತಿ ಪ್ರಕರಣವನ್ನೂ ಔಷಧ ಸುರಕ್ಷತಾ ಕಾರ್ಯಕ್ರಮಕ್ಕೆ ವರದಿ ಮಾಡುವ ಅಭ್ಯಾಸ ತಾಲ್ಲೂಕು ಮಟ್ಟಕ್ಕೆ ಇಳಿಯಬೇಕು. ಅದರ ಉಚಿತ ಸಹಾಯವಾಣಿ 1800-180-3024, ರೋಗಿಯ ಮನೆಯವರೂ ಮಾಡಬಹುದು.

ಕಾರ್ಡು ಅಚ್ಚು ಮಾಡಿಸುವ ಖರ್ಚನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಕೇಳಲು ಅವಕಾಶವಿದೆ. ನಮೂನೆಯನ್ನು ಸಿದ್ಧಪಡಿಸಿ ಕೊಡಲು ನಾವು ಒಪ್ಪಿದ್ದೇವೆ. ಮೊದಲು ಸಂಡೂರು, ಲಿಂಗಸುಗೂರು, ಕುಷ್ಟಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಶುರು ಮಾಡಿ, ಮುಂದಿನ ಬೇಸಿಗೆ ಬರುವುದರೊಳಗೆ.

ಇಂತಿ,
ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕೆಲವು ವೈದ್ಯರು, ಶುಶ್ರೂಷಾಧಿಕಾರಿಗಳು ಮತ್ತು ಫಾರ್ಮಸಿಸ್ಟರು